ಮೊಹರು ಬದಲಾದ ದಿನ

ತೀರ್ಥಹಳ್ಳಿ, ಹೊಸನಗರ, ಶೃಂಗೇರಿ ಸುತ್ತಿನ ಅಡಿಕೆ ಬೆಳೆಗಾರರಲ್ಲಿ ಮಳೆಯ ಲೆಕ್ಕ ಬರೆದಿಡುವವರು ಹಿಂದಿನಿಂದಲೂ ಇದ್ದಾರೆ. ಬೆಳಿಗ್ಗೆ 8.30ಕ್ಕೆ ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಅಳೆದು, ಡೈರಿಯಲ್ಲಿ ಮಿಲಿಮೀಟರಿನ ಅಂಕಿಯೊಂದನ್ನು ಬರೆದು, ಆಮೇಲೆ ತೋಟಕ್ಕೆ ಇಳಿಯುವುದು ಅವರ ದಿನಚರಿ. ಹವಾಮಾನ ಇಲಾಖೆಯೂ ದಿನದ ಮಳೆಯನ್ನು 8.30ರಿಂದ 8.30ಕ್ಕೇ ಲೆಕ್ಕ ಹಾಕುವುದರಿಂದ ಈ ಡೈರಿಗಳ ಅಂಕಿಯನ್ನು ಇಲಾಖೆಯ ಅಂಕಿಯ ಪಕ್ಕದಲ್ಲಿಟ್ಟು ನೋಡಲು ಬರುತ್ತದೆ. ಇಂಥ 60ಕ್ಕೂ ಹೆಚ್ಚು ಮಂದಿಯ ಲೆಕ್ಕವನ್ನು ಒಂದೆಡೆ ಸೇರಿಸಲೆಂದು ನಾವು ಮೂವರು ಗೆಳೆಯರು ಚಿಕ್ಕದೊಂದು ಆ್ಯಪ್ ಮಾಡಿದ್ದೆವು. ಅದರೊಳಗೆ ಹೋಗಲು ಬೇರೆ ಪಾಸ್‌ವರ್ಡ್ ಬೇಕಿರಲಿಲ್ಲ. ಫೋನಿನಲ್ಲಿ ಇದ್ದೇ ಇರುವ ಗೂಗಲ್ ಖಾತೆಯನ್ನು ಒತ್ತಿದರೆ ಸಾಕಿತ್ತು. ವಯಸ್ಸಾದವರಿಗೆ ಇನ್ನೊಂದು ಪಾಸ್‌ವರ್ಡಿನ ಹೊರೆ ಬೇಡವೆಂದೇ ಹಾಗೆ ಮಾಡಿದ್ದು. ನಾಲ್ಕು ಮಳೆಗಾಲ ಅದು ಒಂದು ದಿನವೂ ಕೈಕೊಟ್ಟಿರಲಿಲ್ಲ.

ಅಲ್ಲಿಯವರೆಗೆ ಆ್ಯಪನ್ನು ವಾಟ್ಸ್‌ಆ್ಯಪ್ ಮೂಲಕ ಫೈಲಾಗಿ ಕಳಿಸುತ್ತಿದ್ದೆವು. ಹೀಗೆ ಬಂದದ್ದನ್ನು ಹಾಕಿಕೊಳ್ಳುವಾಗ ಫೋನು ಅಪಾಯದ ಎಚ್ಚರಿಕೆ ತೋರಿಸುತ್ತದೆ, ಅದನ್ನು ಕಂಡು ಹಲವರು ಹೆದರುತ್ತಿದ್ದರು. ಹೆದರುವುದು ಸರಿಯೂ ಹೌದು. ಆದ್ದರಿಂದ ಆ ವರ್ಷ ಪ್ಲೇ ಸ್ಟೋರಿಗೆ ಏರಿಸಿದೆವು. ಶನಿವಾರ ರಾತ್ರಿ ಒಪ್ಪಿಗೆ ಬಂತು. ಭಾನುವಾರ ಸಂಜೆ ಎಲ್ಲರಿಗೂ, ಹಳೆಯ ಆ್ಯಪನ್ನು ತೆಗೆದುಹಾಕಿ ಸ್ಟೋರಿನಿಂದ ಹೊಸದನ್ನು ಹಾಕಿಕೊಳ್ಳಿ ಎಂದು ಸಂದೇಶ ಕಳಿಸಿ ನೆಮ್ಮದಿಯಿಂದ ಮಲಗಿದೆ. ಮೃಗಶಿರಾ ಮಳೆ ಆಗತಾನೆ ಹಿಡಿದಿತ್ತು. ವರ್ಷದಲ್ಲಿ ಯಾವ ದಿನದ ಲೆಕ್ಕವೂ ತಪ್ಪಬಾರದೆಂದು ಎಲ್ಲರೂ ಕಾದು ಕುಳಿತಿರುವ ಹೊತ್ತು ಅದು.

ಸೋಮವಾರ ಬೆಳಿಗ್ಗೆ 8.40ಕ್ಕೆ ಮೊದಲ ಕರೆ ಬಂತು. ‘ಒಳಗೆ ಬಿಡ್ತಾ ಇಲ್ಲ ಮಾರಾಯ್ರೆ’ ಎಂದರು ಹೊಸನಗರದ ಹಿರಿಯರೊಬ್ಬರು. ಖಾತೆಗಳ ಪಟ್ಟಿ ಬರುತ್ತದೆ, ತಮ್ಮ ಹೆಸರನ್ನು ಒತ್ತುತ್ತಾರೆ, ಕ್ಷಣ ಹೊತ್ತು ಏನೋ ತಿರುಗುತ್ತದೆ, ಮತ್ತೆ ಮೊದಲಿನ ಪುಟವೇ ಕಾಣಿಸುತ್ತದೆ. ತಪ್ಪಾಗಿದೆ ಎಂದು ಒಂದು ಮಾತೂ ಇಲ್ಲ. ಹತ್ತು ಗಂಟೆಯೊಳಗೆ ಇದೇ ದೂರಿನ ಇಪ್ಪತ್ತಕ್ಕೂ ಹೆಚ್ಚು ಕರೆಗಳು ಬಂದವು. ಆ ಕರೆಗಳಲ್ಲಿ ನನ್ನ ಮನಸ್ಸನ್ನು ಕಲಕಿದ್ದು ದೂರಲ್ಲ, ಪ್ರತಿಯೊಬ್ಬರೂ ತಪ್ಪು ತಮ್ಮದೇ ಎಂದುಕೊಂಡಿದ್ದ ರೀತಿ. ಒಬ್ಬರು ತಾನು ಏನೋ ಒತ್ತಬಾರದ್ದನ್ನು ಒತ್ತಿರಬೇಕು ಎಂದರು. ನಿವೃತ್ತ ಶಿಕ್ಷಕಿಯೊಬ್ಬರು ಪಾಸ್‌ವರ್ಡ್ ಮರೆತಿರಬೇಕೆಂದು ಭಾವಿಸಿ ಬೆಳಿಗ್ಗೆಯಿಂದ ಎರಡು ಸಲ ತಮ್ಮ ಗೂಗಲ್ ಪಾಸ್‌ವರ್ಡನ್ನೇ ಬದಲಾಯಿಸಿದ್ದರು. ಆ ಗಡಿಬಿಡಿಯಲ್ಲಿ ಅವರ ಮಗಳ ಟ್ಯಾಬಿನಲ್ಲಿದ್ದ ಅದೇ ಖಾತೆಯೂ ಹೊರಬಿದ್ದಿತ್ತು. ಬಾಗಿಲು ತೆರೆಯದಿದ್ದಾಗ ಏಕೆ ತೆರೆಯಲಿಲ್ಲ ಎಂದು ಹೇಳದ ಆ್ಯಪ್ ಜನರನ್ನು ಈ ಸ್ಥಿತಿಗೆ ತಳ್ಳುತ್ತದೆ ಎಂಬುದನ್ನು ನಾನು ಅಂದು ಕಣ್ಣಾರೆ ಕಂಡೆ.

ನನ್ನ ಫೋನಿನಲ್ಲಿ ಮಾತ್ರ ಎಲ್ಲವೂ ಸರಿಯಾಗಿತ್ತು. ಗೆಳೆಯರ ಫೋನುಗಳಲ್ಲೂ ಸರಿಯಾಗಿತ್ತು. ಈ ಮಾತೇ ಸುಳಿವೆಂದು ಹೊಳೆಯಲು ನನಗೆ ಒಂದು ಗಂಟೆ ಹಿಡಿಯಿತು. ನಮ್ಮ ಮೂವರ ಫೋನಿನಲ್ಲಿ ಇದ್ದದ್ದು ಕಂಪ್ಯೂಟರಿನಿಂದ ಕೇಬಲ್ಲಿನ ಮೂಲಕ ಹಾಕಿದ ಪ್ರತಿ. ಉಳಿದವರದು ಸ್ಟೋರಿನಿಂದ ಬಂದದ್ದು. ಮನೆಯಲ್ಲಿದ್ದ ಹಳೆಯ ಫೋನೊಂದಕ್ಕೆ ಸ್ಟೋರಿನಿಂದಲೇ ಆ್ಯಪ್ ಇಳಿಸಿ, ಕಂಪ್ಯೂಟರಿಗೆ ಜೋಡಿಸಿ, ಅದರ ಒಳಗಿನ ದಾಖಲೆಯ ಸಾಲುಗಳು ಹರಿಯುವುದನ್ನು ನೋಡುತ್ತ ಖಾತೆಯನ್ನು ಒತ್ತಿದೆ. ಸಾಲುಗಳ ನಡುವೆ ದೋಷದ ಸಂಖ್ಯೆಯೊಂದು ಸಿಕ್ಕಿತು: 10. ಡೆವಲಪರ್ ಎರರ್. ಅಂದರೆ ಬಳಸುವವರದಲ್ಲ, ಆ್ಯಪ್ ಕಟ್ಟಿದವರ ತಪ್ಪು ಎಂದು ಫೋನು ಬೆಳಿಗ್ಗೆಯಿಂದ ಸ್ಪಷ್ಟವಾಗಿ ಹೇಳುತ್ತಲೇ ಇತ್ತು. ಅದನ್ನು ಯಾರಿಗೂ ಕೇಳಿಸದಂತೆ ಮಾಡಿದ್ದು ನಾನೇ. ಸೈನ್ ಇನ್ ಯಾವ ಕಾರಣಕ್ಕೆ ವಿಫಲವಾದರೂ ಬಳಕೆದಾರರು ತಾವಾಗಿಯೇ ರದ್ದುಮಾಡಿದ್ದಾರೆಂದು ತಿಳಿದು ಸುಮ್ಮನೆ ಮೊದಲ ಪುಟಕ್ಕೆ ಮರಳುವಂತೆ ನಾಲ್ಕು ವರ್ಷದ ಹಿಂದೆ ಬರೆದಿಟ್ಟಿದ್ದೆ. ರದ್ದುಮಾಡಿದ್ದಕ್ಕೆ 12501 ಎಂಬ ಬೇರೆಯದೇ ಸಂಖ್ಯೆ ಬರುತ್ತದೆ; ಎರಡನ್ನೂ ಬೇರ್ಪಡಿಸಿ ನೋಡುವ ತಾಳ್ಮೆ ಆಗ ನನಗಿರಲಿಲ್ಲ.

ತಪ್ಪು ಎಲ್ಲಿತ್ತು ಎಂಬುದನ್ನು ಅಂದು ಸಂಜೆ ಬಳಗದವರಿಗೆ ವಿವರಿಸುವಾಗ ನಾನು ಹಿಂದಿನ ಕಾಲದಲ್ಲಿ ಊರಿನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಶ್ಯಾನುಭೋಗರ ಚೀಟಿಯ ಉದಾಹರಣೆ ಕೊಟ್ಟೆ. ಪರಊರಿನ ಕಚೇರಿಯೊಂದಕ್ಕೆ ನಮ್ಮ ಗುರುತು ಬೇಕಾದಾಗ ನಾವು ಮನೆಯ ಬೀಗದ ಕೈಯನ್ನು ಅವರಿಗೆ ಒಪ್ಪಿಸುತ್ತಿರಲಿಲ್ಲ. ಶ್ಯಾನುಭೋಗರು ‘ಇವರು ನಮ್ಮ ಊರಿನವರು, ಇಂಥವರು’ ಎಂದು ಬರೆದುಕೊಟ್ಟ ಚೀಟಿಯನ್ನು ತೋರಿಸುತ್ತಿದ್ದೆವು. ಗೂಗಲ್ ಖಾತೆಯಿಂದ ಬೇರೆ ಆ್ಯಪಿನೊಳಗೆ ಹೋಗುವುದೆಂದರೆ ಇದೇ. ಪಾಸ್‌ವರ್ಡ್ ಗೂಗಲ್ಲಿನ ಬಳಿಯೇ ಉಳಿಯುತ್ತದೆ, ನಮ್ಮ ಆ್ಯಪಿಗೆ ಸಿಗುವುದು ಚೀಟಿ ಮಾತ್ರ. ಓಆತ್ 2.0 ಎಂಬ ಹೆಸರಿನಲ್ಲಿ 2012ರಲ್ಲಿ ಪ್ರಕಟವಾದ ನಿಯಮಾವಳಿಯ ಮೇಲೆ ಈ ಏರ್ಪಾಡು ನಿಂತಿದೆ. ಆದರೆ ಚೀಟಿ ಕೇಳುತ್ತಿರುವ ಕಚೇರಿ ನಿಜವಾಗಿ ಅದೇ ಕಚೇರಿಯೇ ಎಂದು ಶ್ಯಾನುಭೋಗರೂ ನೋಡಬೇಕಲ್ಲವೇ? ಆಂಡ್ರಾಯ್ಡ್ ಆ್ಯಪಿನ ವಿಷಯದಲ್ಲಿ ಅವರು ನೋಡುವುದು ಎರಡನ್ನು: ಆ್ಯಪನ್ನು ಗುರುತಿಸುವ ಪ್ಯಾಕೇಜ್ ಹೆಸರು ಮತ್ತು ಅದರ ಮೇಲಿನ ಮೊಹರು. ಆ್ಯಪಿಗೆ ಡಿಜಿಟಲ್ ಸಹಿ ಹಾಕಲು ಬಳಸಿದ ಕೀಲಿಯ ಪ್ರಮಾಣಪತ್ರದಿಂದ ತೆಗೆದ ಶಾ-1 ಎಂಬ ಬೆರಳಚ್ಚೇ ಆ ಮೊಹರು. ಅದು 20 ಜೋಡಿ ಅಕ್ಷರ-ಅಂಕಿಗಳ ಉದ್ದನೆಯ ಸಾಲು.

ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಿದ್ದ ಫೈಲಿಗೆ ನಾವು ನಮ್ಮದೇ ಕೀಲಿಯಿಂದ ಸಹಿ ಹಾಕುತ್ತಿದ್ದೆವು, ಅದರ ಬೆರಳಚ್ಚನ್ನೇ ಗೂಗಲ್ಲಿನಲ್ಲಿ ನೋಂದಾಯಿಸಿದ್ದೆವು. ಪ್ಲೇ ಸ್ಟೋರಿನ ಕ್ರಮ ಬೇರೆ. ನಾವು ಕಳಿಸಿದ ಆ್ಯಪಿನಿಂದ ಸ್ಟೋರು ಫೋನುಗಳಿಗೆ ಹೊಂದುವ ಪ್ರತಿಗಳನ್ನು ತಯಾರಿಸಿ, ತನ್ನ ಬಳಿ ಇರುವ ಕೀಲಿಯಿಂದ ಅವುಗಳಿಗೆ ಸಹಿ ಹಾಕಿ ಹಂಚುತ್ತದೆ. 2021ರ ಆಗಸ್ಟ್‌ನಿಂದ ಹೊಸ ಆ್ಯಪ್‌ಗಳಿಗೆಲ್ಲ ಇದು ಕಡ್ಡಾಯ. ಹಾಗಾಗಿ ಅರವತ್ತು ಮನೆಗಳ ಫೋನಿಗೆ ತಲುಪಿದ ಆ್ಯಪ್ ನಮ್ಮದೇ ಆದರೂ ಅದರ ಮೇಲಿದ್ದ ಮೊಹರು ನಾವು ನೋಂದಾಯಿಸಿದ್ದಲ್ಲ. ಗುರುತಿಲ್ಲದ ಮೊಹರನ್ನು ಕಂಡು ಚೀಟಿ ಕೊಡಲು ಒಪ್ಪದಿದ್ದ ಶ್ಯಾನುಭೋಗರು ತಮ್ಮ ಕರ್ತವ್ಯವನ್ನೇ ಮಾಡಿದ್ದರು. ನಮ್ಮ ಹೆಸರಿನಲ್ಲಿ ಬೇರೆ ಯಾರೋ ನಕಲಿ ಆ್ಯಪ್ ಹರಡಿದ್ದರೆ ಇದೇ ತಡೆ ಆ ಅರವತ್ತು ಮಂದಿಯನ್ನು ಕಾಯುತ್ತಿತ್ತು ಎಂದು ಯೋಚಿಸಿದಾಗ ಬೆಳಿಗ್ಗೆಯಿಂದ ಇದ್ದ ನನ್ನ ಸಿಡಿಮಿಡಿ ಇಳಿಯಿತು.

ಪರಿಹಾರ ಚಿಕ್ಕದು. ಸ್ಟೋರಿಗೆ ಏರಿಸಿದ ಆ್ಯಪನ್ನು ಕಟ್ಟಿದವರು ನೋಡಿಕೊಳ್ಳುವ ಪ್ಲೇ ಕನ್ಸೋಲ್ ಎಂಬ ತಾಣದಲ್ಲಿ ಆ್ಯಪ್ ಸಹಿಯ ಪುಟ ತೆರೆದೆ. ಅಲ್ಲಿ ಎರಡು ಬೆರಳಚ್ಚುಗಳಿರುತ್ತವೆ, ಒಂದು ನಾವು ಏರಿಸಲು ಬಳಸುವ ಕೀಲಿಯದು, ಇನ್ನೊಂದು ಸ್ಟೋರು ಹಂಚುವಾಗ ಬಳಸುವುದು. ಗಡಿಬಿಡಿಯಲ್ಲಿ ಮೊದಲನೆಯದನ್ನು ನಕಲಿಸಿಕೊಂಡು ಇನ್ನಷ್ಟು ಹೊತ್ತು ಕಳೆದುಕೊಳ್ಳುವವರು ಬಹಳ. ಎರಡನೆಯದನ್ನು ತೆಗೆದುಕೊಂಡು ನಾವು ಹಿಂದೆ ಬೆರಳಚ್ಚು ನೋಂದಾಯಿಸಿದ್ದ ಗೂಗಲ್ ಕ್ಲೌಡಿನ ಪುಟದಲ್ಲಿ ಅದೇ ಪ್ಯಾಕೇಜ್ ಹೆಸರಿಗೆ ಹೊಸದೊಂದು ಆಂಡ್ರಾಯ್ಡ್ ಕ್ಲೈಂಟನ್ನು, ಅಂದರೆ ಹೊಸ ನೋಂದಣಿಯನ್ನು ಸೇರಿಸಿದೆ. ಹಳೆಯದನ್ನು ಅಳಿಸಲಿಲ್ಲ. ಆ್ಯಪನ್ನು ಮತ್ತೆ ಏರಿಸುವ ಅಗತ್ಯವೂ ಇರಲಿಲ್ಲ. ಬದಲಾವಣೆ ಜಾರಿಗೆ ಬರಲು ಐದು ನಿಮಿಷದಿಂದ ಕೆಲವು ಗಂಟೆಗಳವರೆಗೆ ಹಿಡಿಯಬಹುದು ಎಂದು ಆ ಪುಟವೇ ಹೇಳುತ್ತದೆ. ಕಾಯುತ್ತ ಕುಳಿತೆ. 12.20ಕ್ಕೆ ಹೊಸನಗರದ ಹಿರಿಯರ ಅಂಕಿ ಬಂದು ಸೇರಿತು.

ಕಾಯುತ್ತಿದ್ದ ಆ ಹೊತ್ತಿನಲ್ಲಿ ಬಳಗದ ತರುಣನೊಬ್ಬ, ತೊಂದರೆಯಾದವರೆಲ್ಲ ತಮ್ಮ ಪಾಸ್‌ವರ್ಡನ್ನು ತನಗೆ ಕಳಿಸಿದರೆ ತಾನೇ ಪರೀಕ್ಷಿಸಿ ನೋಡುತ್ತೇನೆ ಎಂದು ಗುಂಪಿನಲ್ಲಿ ಬರೆದ. ಅವನ ಉದ್ದೇಶ ನೂರಕ್ಕೆ ನೂರು ಒಳ್ಳೆಯದು. ಆದರೂ ತಕ್ಷಣ ಅವನಿಗೆ ಕರೆಮಾಡಿ ಆ ಸಂದೇಶವನ್ನು ಅಳಿಸಲು ಹೇಳಿದೆ, ಪಾಸ್‌ವರ್ಡನ್ನಾಗಲಿ ಫೋನಿಗೆ ಬರುವ ಒಟಿಪಿಯನ್ನಾಗಲಿ ನಮಗೂ ಕೊಡಬೇಡಿ ಎಂದು ಎಲ್ಲರಿಗೂ ಬರೆದೆ. ಯಾರ ಬೀಗದ ಕೈಯೂ ನಮ್ಮ ಕೈಗೆ ಬರಬಾರದೆಂದೇ ಈ ದಾರಿ ಹಿಡಿದಿದ್ದ ನಾವು, ಕಷ್ಟ ಬಂದ ಮೊದಲ ದಿನವೇ ಅದನ್ನು ಕೇಳತೊಡಗಿದರೆ ನಾಳೆ ಮೋಸಗಾರನೊಬ್ಬ ಕೇಳಿದಾಗಲೂ ಇವರು ನಂಬಿ ಕೊಟ್ಟುಬಿಡುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಬಹುತೇಕರು ಒಳಗೆ ಬಂದಿದ್ದರು. ಶೃಂಗೇರಿ ಕಡೆಯ ಒಬ್ಬರ ಫೋನು ಎರಡು ದಿನ ಕರೆಂಟಿಲ್ಲದೆ ಪೂರ್ತಿ ಆರಿಹೋಗಿ, ಮತ್ತೆ ಹೊತ್ತಿದಾಗ ಹಳೆಯ ದಿನಾಂಕ ತೋರಿಸುತ್ತಿತ್ತು. ದಿನಾಂಕ ಸರಿಪಡಿಸಿದ ಕೂಡಲೇ ಅವರ ಸಮಸ್ಯೆ ಮುಗಿಯಿತು. ಇನ್ನೊಂದು ನಷ್ಟ ಅಷ್ಟು ಸುಲಭದ್ದಾಗಿರಲಿಲ್ಲ. ಮೊಹರು ಬೇರೆಯಾದ್ದರಿಂದ ಹಳೆಯ ಆ್ಯಪಿನ ಮೇಲೆಯೇ ಹೊಸದನ್ನು ಹಾಕಲು ಬರುವುದಿಲ್ಲ, ತೆಗೆದೇ ಹಾಕಬೇಕು. ತೆಗೆದಾಗ, ನೆಟ್‌ವರ್ಕ್ ಸಿಗದ ಮನೆಗಳವರು ಫೋನಿನಲ್ಲೇ ಉಳಿಸಿಕೊಂಡಿದ್ದ, ಇನ್ನೂ ನಮಗೆ ತಲುಪದ ಅಂಕಿಗಳೆಲ್ಲ ಅದರ ಜೊತೆಗೇ ಹೋದವು. ಮೊದಲು ಕಳಿಸಿ, ಆಮೇಲೆ ತೆಗೆಯಿರಿ ಎಂಬ ಒಂದು ಸಾಲು ನನ್ನ ಭಾನುವಾರದ ಸಂದೇಶದಲ್ಲಿ ಇರಬೇಕಿತ್ತು. ಡೈರಿ ಬರೆಯುವುದನ್ನು ಅವರಲ್ಲಿ ಯಾರೂ ಬಿಟ್ಟಿರಲಿಲ್ಲವಾದ್ದರಿಂದ ಆ ವಾರವೆಲ್ಲ ಫೋನಿನಲ್ಲಿ ಓದಿಸಿಕೊಂಡು ಒಂದೊಂದಾಗಿ ತುಂಬಿದೆ.

ಇದೇ ದಿನ, ತಿಂಗಳಿನಿಂದ ಕಾಡುತ್ತಿದ್ದ ಇನ್ನೊಂದು ಒಗಟೂ ಬಿಡಿಸಿಕೊಂಡಿತು. ಎಲ್ಲರ ಅಂಕಿಗಳನ್ನು ಪ್ರತಿ ಸಂಜೆ ಒಬ್ಬ ಗೆಳೆಯರ ಗೂಗಲ್ ಶೀಟಿಗೆ ನಮ್ಮ ಸರ್ವರು ತಾನಾಗಿಯೇ ಬರೆಯುತ್ತಿತ್ತು. ಅದಕ್ಕೆ ಅವರು ಅನುಮತಿ ಕೊಟ್ಟಿದ್ದರು. ಆದರೂ ವಾರಕ್ಕೊಮ್ಮೆ ಬರೆಯುವುದು ನಿಂತುಹೋಗಿ, ಅವರು ಮತ್ತೆ ಒಪ್ಪಿಗೆ ಒತ್ತಬೇಕಾಗುತ್ತಿತ್ತು. ಕ್ಲೌಡಿನ ಪುಟದಲ್ಲಿ ಬೆರಳಚ್ಚು ಸೇರಿಸುವಾಗ ಪಕ್ಕದಲ್ಲೇ ಅನುಮತಿ ಕೇಳುವಾಗ ಗೂಗಲ್ ತೋರಿಸುವ ನಮ್ಮ ಒಪ್ಪಿಗೆ ಪುಟದ ಸ್ಥಿತಿ ‘ಟೆಸ್ಟಿಂಗ್’, ಅಂದರೆ ಇನ್ನೂ ಪರೀಕ್ಷೆಯ ಹಂತ ಎಂದು ಇರುವುದು ಕಣ್ಣಿಗೆ ಬಿತ್ತು. ಆ ಸ್ಥಿತಿಯಲ್ಲಿ ಪಡೆದ ಅನುಮತಿ 7 ದಿನಕ್ಕೆ ಮುಗಿಯುತ್ತದೆ. ಹೆಸರು ಮತ್ತು ಇಮೇಲ್ ಮಾತ್ರ ಕೇಳುವ ಸೈನ್ ಇನ್ನಿಗೆ ಈ ಗಡುವು ತಾಗುವುದಿಲ್ಲ. ಆದ್ದರಿಂದ ಜನ ಒಳಗೆ ಬರುತ್ತಲೇ ಇದ್ದರು, ಶೀಟು ಮಾತ್ರ ನಿಲ್ಲುತ್ತಿತ್ತು. ನೀವು ಯಾರು ಎಂಬುದು ಒಂದು ಪ್ರಶ್ನೆ, ನಿಮ್ಮ ಪರವಾಗಿ ನಾನೇನು ಮಾಡಬಹುದು ಎಂಬುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡು ನಾನು ತಿಂಗಳಿಡೀ ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ.

ಸಂಜೆ ಆರಕ್ಕೆ ಬಂದ ಕರೆಯನ್ನು ಮಾತ್ರ ನಾನು ಮರೆಯಲಾರೆ. ತೀರ್ಥಹಳ್ಳಿ ಬಳಿಯ ಬೆಳೆಗಾರರೊಬ್ಬರು ಒಳಗೇನೋ ಬಂದಿದ್ದರು, ಆದರೆ ಪುಟ ಖಾಲಿ. ನಾಲ್ಕು ವರ್ಷ ಒಂದು ದಿನವೂ ತಪ್ಪದೆ ಅಳೆದವರ ಹೆಸರಿನಲ್ಲಿ ಒಂದು ಅಂಕಿಯೂ ಇರಲಿಲ್ಲ. ವಿಚಾರಿಸಿದಾಗ ಗೊತ್ತಾಯಿತು: ಹಳೆಯ ಫೋನನ್ನು ಬೆಂಗಳೂರಿನ ಮಗ ತನ್ನದೇ ಖಾತೆ ಹಾಕಿ ಕೊಟ್ಟಿದ್ದ. ನಮ್ಮ ಕಡೆ ಎಷ್ಟೋ ಹಿರಿಯರ ಫೋನುಗಳು ಹೀಗೆಯೇ ಇವೆ. ಈಗ ಹೊಸ ಫೋನಿನಲ್ಲಿ ಅವರದೇ ಖಾತೆ ಇತ್ತು. ಗೂಗಲ್ ಪ್ರತಿ ಖಾತೆಗೂ ಎಂದೂ ಬದಲಾಗದ ಸಂಖ್ಯೆಯೊಂದನ್ನು ಕೊಟ್ಟಿರುತ್ತದೆ, ನಮ್ಮ ದಾಖಲೆಗಳು ಆ ಸಂಖ್ಯೆಗೇ ಅಂಟಿಕೊಂಡಿರುತ್ತವೆ. ಹಾಗಾಗಿ ನಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ನಾಲ್ಕು ಮಳೆಗಾಲ ಅಳೆದವನು ಬೆಂಗಳೂರಿನ ಮಗ. ತಂದೆ ಇವತ್ತು ಬಂದ ಹೊಸಬರು.

ದತ್ತಾಂಶದಲ್ಲಿ ಒಂದು ಸಂಖ್ಯೆ ಅಳಿಸಿ ಇನ್ನೊಂದು ಬರೆಯಲು ನನಗೆ ಅರ್ಧ ನಿಮಿಷ ಸಾಕಿತ್ತು. ಅವರ ದನಿ ನನಗೆ ಗೊತ್ತು, ಅವರ ಮಾತಿನಲ್ಲಿ ನನಗೆ ಸಂಶಯವೂ ಇರಲಿಲ್ಲ. ಆದರೂ ಖಾತೆ ಮಗನದಾಗಿರುವಾಗ ಅವನ ಒಪ್ಪಿಗೆಯಿಲ್ಲದೆ ಅದರೊಳಗಿನದನ್ನು ಎತ್ತಿ ಬೇರೆಯವರಿಗೆ ಕೊಡುವುದು, ಅದು ತಂದೆಗೇ ಆದರೂ, ಸರಿಯೆನಿಸಲಿಲ್ಲ. ಹಾಗೆಂದು ಅವರಿಗೆ ಹೇಳಿದೆ. ಕ್ಷಣ ಹೊತ್ತು ಸುಮ್ಮನಿದ್ದು, ‘ಆಗಲಿ, ಅವನು ಆಫೀಸಿನಿಂದ ಬರ್ಲಿ’ ಎಂದರು. ರಾತ್ರಿ ಒಂಬತ್ತೂವರೆಗೆ ಮಗ ತನ್ನ ಖಾತೆಯಿಂದ ಆ್ಯಪಿನೊಳಗೆ ಬಂದು, ದಾಖಲೆಗಳನ್ನೆಲ್ಲ ತಂದೆಯ ಖಾತೆಗೆ ವರ್ಗಾಯಿಸಬೇಕೆಂದು ಅಲ್ಲಿಂದಲೇ ಬರೆದು ಕಳಿಸಿದ. ನಾಲ್ಕು ವರ್ಷದ ಸಾವಿರಕ್ಕೂ ಹೆಚ್ಚು ಅಂಕಿಗಳು ತಂದೆಯ ಹೆಸರಿಗೆ ಬಂದವು. ಅವರಿಗೆ ಕರೆಮಾಡಿ ಪುಟವನ್ನು ಮತ್ತೆ ತೆರೆಯಲು ಹೇಳಿದೆ. ತುಸು ಹೊತ್ತು ಹಂಚಿನ ಮೇಲೆ ಮಳೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ, ಇವತ್ತಿನದು ಹಾಕಲು ತಡವಾಯಿತು, ಪರವಾಗಿಲ್ಲವೇ ಎಂದು ಕೇಳಿ, ಡೈರಿ ತೆರೆದು ಓದಿದರು: 64 ಮಿಲಿಮೀಟರ್.