ಸ್ಟ್ರಾಬೆರಿ ಸುರುಳಿಯ ಚೀಸ್‌ಕೇಕ್: ಬಿರುಕು ಬಿಡದೆ, ನೀರೊಡೆಯದೆ

ಕೇಕ್ ಮಾಡುವ ರೂಢಿಯಲ್ಲೇ ಚೀಸ್‌ಕೇಕಿಗೆ ಕೈಹಾಕಿದರೆ ಅದು ಕೆಡುವುದು ಖಂಡಿತ. ಕೇಕಿಗೆ ಗಾಳಿ ತುಂಬಬೇಕು, ಇದಕ್ಕೆ ಗಾಳಿ ಸೇರಲೇಬಾರದು. ಇಲ್ಲಿ ನಡೆಯುವುದು ಇಷ್ಟೇ: ಮೊಟ್ಟೆ ಮೆಲ್ಲಗೆ ಬಿಸಿಯಾಗುತ್ತಾ ಚೀಸನ್ನು ಹಿಡಿದು ಗಟ್ಟಿಯಾಗುತ್ತದೆ. ಗಿಣ್ಣನ್ನು ಹಬೆಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ತೂತು ಬಿದ್ದು ನೀರು ಬಿಡುತ್ತದಲ್ಲ, ಚೀಸ್‌ಕೇಕಿಗೂ ಅದೇ ಗತಿ. ಹಾಗಾಗಿ ಕೆಳಗಿನ ಮಾತೆಲ್ಲ ಹೆಚ್ಚುಕಮ್ಮಿ ಶಾಖ ಮತ್ತು ನೀರಿನ ಲೆಕ್ಕವೇ.

ಅಳತೆ 7 ಇಂಚಿನ, ತಳ ಬಿಚ್ಚುವ ಸ್ಪ್ರಿಂಗ್‌ಫಾರ್ಮ್ ಟಿನ್ನಿಗೆ. ಎಂಟು ಹತ್ತು ಜನಕ್ಕೆ ಸಾಕು. ಎಲ್ಲವನ್ನೂ ತಕ್ಕಡಿಯಲ್ಲೇ ತೂಗಿ, ಕಪ್ಪಿನ ಲೆಕ್ಕ ಇದಕ್ಕೆ ಸರಿಬರುವುದಿಲ್ಲ.

ಮೊದಲು ಹಣ್ಣಿನ ಸಾಸ್ ಮಾಡಿಟ್ಟುಕೊಳ್ಳಿ, ಅದು ಪೂರ್ತಿ ಆರಬೇಕು. 200 ಗ್ರಾಂ ಸ್ಟ್ರಾಬೆರಿ, 40 ಗ್ರಾಂ ಸಕ್ಕರೆ, ಒಂದು ಟೀ ಚಮಚ ನಿಂಬೆರಸ ಸೇರಿಸಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ, ಜರಡಿಯಲ್ಲಿ ಉಜ್ಜಿ ಸೋಸಿ. ಒಂದು ಟೀ ಚಮಚ ಕಾರ್ನ್‌ಫ್ಲೋರನ್ನು ಎರಡು ಚಮಚ ತಣ್ಣೀರಿನಲ್ಲಿ ಕಲಸಿ ಅದಕ್ಕೆ ಹಾಕಿ, ಮತ್ತೆ ಒಲೆಯ ಮೇಲಿಟ್ಟು ಒಂದು ನಿಮಿಷ ಕುದಿಸಿ. ಮಹಾಬಲೇಶ್ವರದ ಹಣ್ಣು ಡಿಸೆಂಬರಿನಿಂದ ಮಾರ್ಚ್‌ವರೆಗೆ ಚೆನ್ನಾಗಿ ಸಿಗುತ್ತದೆ. ಉಳಿದ ಕಾಲದಲ್ಲಿ ಫ್ರೋಜನ್ ಹಣ್ಣು ತನ್ನಿ, ಆದರೆ ಅದು ಹೆಚ್ಚು ನೀರು ಬಿಡುವುದರಿಂದ ಇನ್ನೂ ನಾಲ್ಕೈದು ನಿಮಿಷ ಇಂಗಿಸಬೇಕಾಗುತ್ತದೆ. ಆರಿದ ಮೇಲೆ ಸಾಸಿನ ಹದ ಚೀಸ್ ಮಿಶ್ರಣದ ಹದಕ್ಕೆ ಹತ್ತಿರವಿರಬೇಕು. ತೆಳ್ಳಗಿದ್ದರೆ ಮುಳುಗಿ ಒಳಗೆ ಒದ್ದೆ ಗುಳಿ ಮಾಡುತ್ತದೆ, ಜಾಮಿನ ಹಾಗೆ ಗಟ್ಟಿಯಾಗಿದ್ದರೆ ಎಳೆಯಾಗದೆ ಮುದ್ದೆಯಾಗಿ ಕೂರುತ್ತದೆ, ಬಿರುಕು ಶುರುವಾಗುವುದೂ ಆ ಮುದ್ದೆಯ ಅಂಚಿನಿಂದಲೇ.

ತಳಕ್ಕೆ 150 ಗ್ರಾಂ ಡೈಜೆಸ್ಟಿವ್ ಬಿಸ್ಕತ್ತನ್ನು ಮಿಕ್ಸಿಯಲ್ಲಿ ಸಣ್ಣ ರವೆಯಷ್ಟು ಪುಡಿ ಮಾಡಿ, ಕರಗಿಸಿದ 65 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಒಂದು ಚಿಟಿಕೆ ಉಪ್ಪು ಬೆರೆಸಿ. ಬಿಸ್ಕತ್ತು ಬದಲಾದರೆ ಬೆಣ್ಣೆಯೂ ಬದಲಾಗಬೇಕು. ಮಾರಿ ಬಿಸ್ಕತ್ತಿನಲ್ಲಿ ಕೊಬ್ಬು ಕಡಿಮೆ, 80 ಗ್ರಾಂವರೆಗೆ ಬೇಕು. ಓರಿಯೊವನ್ನು ಕ್ರೀಮಿನ ಸಮೇತ ಪುಡಿ ಮಾಡಿದರೆ 40 ಗ್ರಾಂ ಧಾರಾಳ. ಕೈಯಲ್ಲಿ ಹಿಡಿದು ಅಮುಕಿದರೆ ಉಂಡೆ ನಿಲ್ಲಬೇಕು, ಬೆರಳಿಗೆ ಜಿಡ್ಡು ಒಸರಬಾರದು. ಟಿನ್ನಿಗೆ ಹಾಕಿ ಚಪ್ಪಟೆ ತಳದ ಲೋಟದಿಂದ ಒತ್ತಿ, 170 ಡಿಗ್ರಿಯಲ್ಲಿ 10 ನಿಮಿಷ ಬೇಯಿಸಿ ಆರಲು ಬಿಡಿ. ಹಾಗೆ ಬೇಯಿಸದೆ ಬಿಟ್ಟ ತಳ ಮಾರನೇ ದಿನಕ್ಕೆ ಮೆತ್ತಗಾಗಿರುತ್ತದೆ.

ಇನ್ನು ಚೀಸು. ತರಬೇಕಾದ್ದು ಕ್ರೀಮ್ ಚೀಸ್, 500 ಗ್ರಾಂ, ಆದಷ್ಟು ಗಟ್ಟಿ ಇಟ್ಟಿಗೆಯ ರೂಪದ್ದು. ಅಮೆರಿಕದ ನಿಯಮದ ಪ್ರಕಾರ ಕ್ರೀಮ್ ಚೀಸಿನಲ್ಲಿ ಕನಿಷ್ಠ ಶೇ. 33 ಹಾಲಿನ ಕೊಬ್ಬಿರಬೇಕು, ತೇವಾಂಶ ಶೇ. 55 ದಾಟಬಾರದು, ನ್ಯೂಯಾರ್ಕ್ ಮಾದರಿಯ ರೆಸಿಪಿಗಳ ಅಳತೆಯೆಲ್ಲ ಆ ಚೀಸಿಗೇ ಹೊಂದಿಕೊಂಡಿದೆ. ಬ್ರೆಡ್ಡಿಗೆ ಸವರುವ ಮೆದು ಸ್ಪ್ರೆಡ್ಡಿನಲ್ಲಿ ನೀರು ಜಾಸ್ತಿ. ಡಬ್ಬಿಯ ಮೇಲಿನ ಕೊಬ್ಬಿನ ಅಂಕಿ ನೋಡಿ ಕೊಳ್ಳಿ, 100 ಗ್ರಾಮಿಗೆ 25ಕ್ಕಿಂತ ಕೆಳಗಿದ್ದರೆ ಬೇಡ. ಪನೀರು ರುಬ್ಬಿ ಹಾಕಿದರೆ ಆಗುತ್ತದೆ ಅನ್ನುವವರಿದ್ದಾರೆ. ಎಷ್ಟೇ ನುಣ್ಣಗೆ ರುಬ್ಬಿದರೂ ಅದು ಬಾಯಲ್ಲಿ ತರಿತರಿ ಅನ್ನುತ್ತದೆ. ಆ ಖರ್ಚಿಗೆ ಒಳ್ಳೆಯ ಶ್ರೀಖಂಡ ಮಾಡುವುದೇ ಮೇಲು.

ಚೀಸು, ಮೂರು ಮೊಟ್ಟೆ, 100 ಗ್ರಾಂ ನೀರು ಬಸಿದ ಮೊಸರು, ಎಲ್ಲವನ್ನೂ ಎರಡು ಗಂಟೆ ಮುಂಚೆ ಫ್ರಿಜ್ಜಿನಿಂದ ಹೊರಗಿಡಿ. ಮೊಸರು ಹುಳಿಯಾಗಿರಬಾರದು, ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲೇ ನಾಲ್ಕೈದು ಗಂಟೆ ಬಸಿಯಿರಿ. ತಣ್ಣಗಿನ ಚೀಸು ಗಂಟು ಕಟ್ಟುತ್ತದೆ. ಗಂಟು ಒಡೆಯಲೆಂದು ಜೋರಾಗಿ ಬೀಟ್ ಮಾಡಿದರೆ ಗಾಳಿ ಸೇರುತ್ತದೆ, ಓವನಿನಲ್ಲಿ ಅದು ಉಬ್ಬಿ, ಹೊರಬಂದಾಗ ಕುಸಿದು, ಮೇಲ್ಮೈ ಸೀಳುತ್ತದೆ. ಚೀಸನ್ನೊಂದೇ ನಿಧಾನ ವೇಗದಲ್ಲಿ ನುಣ್ಣಗೆ ಮಾಡಿ, 140 ಗ್ರಾಂ ಪುಡಿ ಸಕ್ಕರೆ, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಹಾಕಿ, ಬೋಗುಣಿಯ ಅಂಚು ತಳ ಕೆರೆದು ಮತ್ತೆ ತಿರುಗಿಸಿ. ಆಮೇಲೆ ಮೊಸರು, ಒಂದು ಟೀ ಚಮಚ ವೆನಿಲ್ಲಾ. ಮೊಟ್ಟೆ ಕಡೆಗೆ, ಒಂದೊಂದಾಗಿ, ಬೀಟರ್ ಬಿಟ್ಟು ಸ್ಪ್ಯಾಚುಲಾದಿಂದ, ಹಳದಿಯ ಗೆರೆ ಮಾಯವಾಗುವಷ್ಟೇ ಕಲಸಿ. ಈ ಹಂತದಲ್ಲಿ ಗಂಟು ಕಂಡರೆ ಬೀಟರ್ ಮುಟ್ಟಬೇಡಿ, ಇಡೀ ಮಿಶ್ರಣವನ್ನು ಜರಡಿಯಲ್ಲಿ ಸೋಸಿಬಿಡಿ.

ತಳದ ಮೇಲೆ ಸುರಿದು ಟಿನ್ನನ್ನು ಕಟ್ಟೆಗೆ ನಾಲ್ಕು ಸಲ ಮೆಲ್ಲಗೆ ಕುಟ್ಟಿ, ಎದ್ದ ಗುಳ್ಳೆಗಳನ್ನು ಕಡ್ಡಿಯಿಂದ ಚುಚ್ಚಿ. ಸಾಸನ್ನು ಅರ್ಧರ್ಧ ಟೀ ಚಮಚದಂತೆ ಹನ್ನೆರಡು ಹದಿನೈದು ಕಡೆ ಬೊಟ್ಟಿಡಿ. ಟೂತ್‌ಪಿಕ್ಕಿನ ತುದಿಯನ್ನು ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಇಳಿಸದೆ, ಬೊಟ್ಟಿನಿಂದ ಬೊಟ್ಟಿಗೆ ಕೈ ಎತ್ತದೆ ಎಳೆಯಿರಿ. ಕೆಂಪು ಚುಕ್ಕೆಗೆ ಬಾಲ ಬಂದು, ಬಾಲ ಪಕ್ಕದ ಚುಕ್ಕೆಯೊಳಗೆ ಸೇರಿ ಎಲೆಯ ಆಕಾರ ಮೂಡುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೆರಡು ಸುತ್ತು ಅಂದರೆ ಎಲ್ಲ ಬೆರೆತು ಗುಲಾಬಿ ಬಣ್ಣವಷ್ಟೇ ಉಳಿಯುತ್ತದೆ. ಮಿಕ್ಕ ಸಾಸು ಬಡಿಸುವಾಗ ಬೇಕಾಗುತ್ತದೆ.

ಓವನ್ 150 ಡಿಗ್ರಿ. ಒಟಿಜಿಯಲ್ಲಿ (ಮೇಜಿನ ಮೇಲಿಡುವ ಚಿಕ್ಕ ಓವನ್) ಕೆಳಗಿನ ರಾಡ್ ಮಾತ್ರ ಹಾಕಿ, ಮೇಲಿನದು ಉರಿದರೆ ಸುರುಳಿ ಕಂದಾಗುತ್ತದೆ. ನೀರಿನ ಟ್ರೇಯಲ್ಲಿ ಇಡುವಾಗ ಫಾಯಿಲ್ ಸುತ್ತುವುದು ವಾಡಿಕೆ. ಕಣ್ಣಿಗೆ ಕಾಣದ ತೂತೊಂದಿದ್ದರೂ ನೀರು ನುಗ್ಗಿ ಬಿಸ್ಕತ್ತು ಹಾಳಾಗುತ್ತದೆ. ಅದಕ್ಕಿಂತ 7 ಇಂಚಿನ ಟಿನ್ನನ್ನು 8 ಇಂಚಿನ, ಸಂದಿಲ್ಲದ ಕೇಕ್ ಟಿನ್ನಿನೊಳಗೆ ಕೂರಿಸಿ, ಅದನ್ನು ಟ್ರೇಯಲ್ಲಿಟ್ಟು ಒಂದಿಂಚು ಬಿಸಿನೀರು ಹಾಕಿ. ಓವನ್ ಚಿಕ್ಕದಾಗಿ ಟ್ರೇ ಹಿಡಿಸದಿದ್ದರೆ ಕೆಳಗಿನ ಅಂತಸ್ತಿನಲ್ಲಿ ಬಿಸಿನೀರಿನ ಪಾತ್ರೆ ಇಟ್ಟರೂ ನಡೆಯುತ್ತದೆ, ಅಷ್ಟು ಸಮವಾಗಿ ಬೇಯುವುದಿಲ್ಲ ಅಷ್ಟೇ.

55ರಿಂದ 70 ನಿಮಿಷ ಹಿಡಿಯುತ್ತದೆ. ಗಡಿಯಾರಕ್ಕಿಂತ ಕಣ್ಣನ್ನು ನಂಬಿ. ಟಿನ್ನನ್ನು ಸ್ವಲ್ಪ ಅಲುಗಿಸಿದರೆ ಅಂಚು ಕದಲಬಾರದು, ನಡುವಿನ ಎರಡು ಮೂರು ಇಂಚು ಜೆಲ್ಲಿಯ ಹಾಗೆ ನಡುಗಬೇಕು, ದ್ರವದ ಹಾಗೆ ಅಲೆಯಾಡಬಾರದು. ಥರ್ಮಾಮೀಟರ್ ಇದ್ದರೆ ನಡುವಿನಲ್ಲಿ 65-66 ಡಿಗ್ರಿ ಬಂದಾಗ ಓವನ್ ಆರಿಸಿ. ಉಳಿದದ್ದು ಒಳಗಿನ ಶಾಖದಲ್ಲೇ ಬೇಯುತ್ತದೆ. 75 ಮುಟ್ಟುವಷ್ಟರಲ್ಲಿ ಮೊಟ್ಟೆ ಬಿಗಿದುಕೊಂಡು ಬಿರುಕು ಬಿಡತೊಡಗಿರುತ್ತದೆ.

ಆರಿಸಿದ ಓವನಿನ ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಒಂದು ಗಂಟೆ ಅಲ್ಲೇ ಬಿಡಿ. ಹೊರತೆಗೆದ ಕೂಡಲೇ ತೆಳು ಚಾಕುವನ್ನು ಅಂಚಿನ ಸುತ್ತ ಆಡಿಸಿ. ಚೀಸ್‌ಕೇಕ್ ಆರುತ್ತಾ ಕುಗ್ಗುತ್ತದೆ. ಗೋಡೆಗೆ ಅಂಟಿಕೊಂಡಿದ್ದರೆ ಎಳೆದಾಡಿ ನಡುವೆ ಸೀಳುತ್ತದೆ. ಪೂರ್ತಿ ಆರಿದ ಮೇಲೆ ಮೊದಲ ಎರಡು ಗಂಟೆ ಮುಚ್ಚದೆ ಫ್ರಿಜ್ಜಿನಲ್ಲಿಡಿ, ಇಲ್ಲದಿದ್ದರೆ ಮುಚ್ಚಳದ ಹನಿ ಬಿದ್ದು ಸುರುಳಿ ಕಲೆಸಿಹೋಗುತ್ತದೆ. ಆಮೇಲೆ ಮುಚ್ಚಿ, ಒಟ್ಟು ಎಂಟು ಗಂಟೆಗೆ ಮುಂಚೆ ಕತ್ತರಿಸಬೇಡಿ.

ಸ್ಟ್ರಾಬೆರಿ ಬದಲು ಹಿಪ್ಪುನೇರಳೆ ಹಣ್ಣು ಸೊಗಸಾಗಿ ಹೊಂದುತ್ತದೆ, ಬಣ್ಣವೂ ಗಾಢ. ಸಕ್ಕರೆ 30 ಗ್ರಾಂ ಸಾಕು, ನಿಂಬೆರಸ ಎರಡು ಚಮಚ ಮಾಡಿ. ಅನಾನಸನ್ನು ಹಸಿಯಾಗಿ ಹಾಕಲೇಬೇಡಿ, ಅದರ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಚೆನ್ನಾಗಿ ಕುದಿಸಿದರೆ ತೊಂದರೆಯಿಲ್ಲ. ಮೊಟ್ಟೆ ತಿನ್ನದವರು 400 ಗ್ರಾಂ ಚೀಸಿಗೆ 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್, 150 ಗ್ರಾಂ ಬಸಿದ ಮೊಸರು, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಹಾಕಿ, ಸಕ್ಕರೆ ಬಿಡಿ. ಅದರಲ್ಲಿ ಹಿಡಿತ ಬರುವುದು ಕಾರ್ನ್‌ಫ್ಲೋರ್ ಬೆಂದಾಗ; ಹಾಗಾಗಿ ಮೇಲೆ ಹೇಳಿದ 65 ಡಿಗ್ರಿಯ ಲೆಕ್ಕ ಅದಕ್ಕೆ ಹಿಡಿಸುವುದಿಲ್ಲ, ನಡುಭಾಗದ ನಡುಕ ಒಂದಿಂಚಿಗೆ ಇಳಿಯುವವರೆಗೆ ಬೇಯಿಸಿ.