ಕವಿತೆ ಬರೆದ ಹುಡುಗನ ಮನೆಗೆ ಪೊಲೀಸರು

ನಾವು ಅಮೆರಿಕದಲ್ಲಿರುವುದರಿಂದ ಊರಿಂದ ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು ಇಲ್ಲಿನ ಗನ್ ವಿಷಯ. ಮಕ್ಕಳನ್ನು ಸ್ಕೂಲಿಗೆ ಕಳಿಸೋಕೆ ಹೆದರಿಕೆ ಆಗಲ್ವಾ ಅಂತ. ಆಗುತ್ತದೆ. ಆದರೆ ಅದರ ಬೆನ್ನಿಗೇ ಇನ್ನೊಂದು ಹೆದರಿಕೆ ಇದೆ. ಮಗು ಬರೆದ ಒಂದು ಕಥೆಗೆ ಅದನ್ನೇ ಅಪರಾಧಿ ಥರ ಕೂರಿಸಿಬಿಟ್ಟರೆ?

ನಾವಿರುವ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲೇ ಇದು ನಡೆದಿದೆ. 2001ರ ಮಾರ್ಚ್. ಸ್ಯಾನ್ ಡಿಯಾಗೋ ಹತ್ತಿರದ ಸ್ಯಾಂಟೀ ಅನ್ನುವ ಊರಲ್ಲಿ ವಿದ್ಯಾರ್ಥಿಯೊಬ್ಬ ಸ್ಕೂಲಿನಲ್ಲಿ ಗುಂಡು ಹಾರಿಸಿ ಇಬ್ಬರನ್ನು ಕೊಂದಿದ್ದ. ಅದಾಗಿ ಎರಡು ವಾರವೂ ಕಳೆದಿರಲಿಲ್ಲ. ಇಲ್ಲಿನ ಹೈಸ್ಕೂಲಿಗೆ ಆಗಷ್ಟೇ ಸೇರಿದ್ದ 15 ವರ್ಷದ ಹುಡುಗ ತಾನು ಬರೆದ ಕವಿತೆಯನ್ನು ಇಂಗ್ಲಿಷ್ ಕ್ಲಾಸಿನ ಹುಡುಗಿಗೆ ಓದಲು ಕೊಟ್ಟ. ಮೇಲೆ 'ಡಾರ್ಕ್ ಪೊಯೆಟ್ರಿ' ಅಂತ ಬರೆದಿದ್ದ. ಸ್ಕೂಲಿಗೆ ಗನ್ ತರುವ ಮುಂದಿನ ಹುಡುಗ ನಾನೂ ಆಗಬಹುದು ಅನ್ನುವ ಅರ್ಥದ ಸಾಲು ಅದರಲ್ಲಿತ್ತು. ಹುಡುಗಿ ಹೆದರಿ ಸ್ಕೂಲಿನಿಂದಲೇ ಹೊರಟುಹೋದಳು. ಅವಳದ್ದು ಖಂಡಿತ ತಪ್ಪಲ್ಲ. ಪೊಲೀಸರು ಮನೆಗೆ ಬಂದು ಹುಡುಗನನ್ನು ಹಿಡಿದರು, ಬೆದರಿಕೆ ಹಾಕಿದ್ದಾನೆ ಅಂತ ತೀರ್ಪಾಗಿ ಜುವೆನೈಲ್ ಹಾಲ್‌ನಲ್ಲಿ, ಅಂದರೆ ಅಪ್ರಾಪ್ತ ವಯಸ್ಸಿನವರನ್ನು ಕೂಡಿಹಾಕುವ ಜಾಗದಲ್ಲಿ, 100 ದಿನದ ಶಿಕ್ಷೆಯಾಯಿತು. ಕೇಸು ಮೇಲೆ ಹೋಯಿತು. ಜೆ.ಎಂ. ಕುಟ್ಸೀ ಅವರಂಥ ನೊಬೆಲ್ ಲೇಖಕರೇ ಹುಡುಗನ ಪರವಾಗಿ ಕೋರ್ಟಿಗೆ ಬರೆದುಕೊಟ್ಟರು. ಇದು ಸ್ಪಷ್ಟವಾದ ಬೆದರಿಕೆಯಲ್ಲ, ಅಪರಾಧವೂ ಅಲ್ಲ ಅಂತ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳುವ ಹೊತ್ತಿಗೆ 2004 ಬಂದಿತ್ತು.

2014ರಲ್ಲಿ ಸೌತ್ ಕ್ಯಾರೊಲಿನಾದ ಹುಡುಗನೊಬ್ಬ ಪಕ್ಕದ ಮನೆಯವರು ಸಾಕಿದ ಡೈನೋಸಾರನ್ನು ಗನ್‌ನಿಂದ ಕೊಂದೆ ಅಂತ ಕ್ಲಾಸಲ್ಲಿ ಬರೆದ. ಡೈನೋಸಾರ್! ಬ್ಯಾಗು ಜಾಲಾಡಿದರು, ಸಸ್ಪೆಂಡ್ ಮಾಡಿದರು, ಎದುರು ಮಾತಾಡಿದ ಅಂತ ಕೈಕೋಳವನ್ನೂ ಹಾಕಿದರು.

ನನ್ನ ಗೆಳತಿಯ ಮಗ ಒಂಬತ್ತನೇ ಕ್ಲಾಸು. ರಜೆಯಲ್ಲಿ ಹೊನ್ನಾವರದ ಅಜ್ಜನ ಮನೆಗೆ ಹೋಗಿ ಇಡೀ ರಾತ್ರಿ ಯಕ್ಷಗಾನ ನೋಡಿ ಬಂದಿದ್ದ. ಯಾವುದಾದರೂ ಒಂದು ಪಾತ್ರವಾಗಿ ಮಾತಾಡಿ ಅಂತ ಟೀಚರ್ ಬರೆಯಲು ಕೊಟ್ಟಾಗ ಭೀಮನಾದ. 'ನಾನು' ಅಂತಲೇ ಶುರು. ಎದೆ ಬಗೆಯುತ್ತೇನೆ, ನೆತ್ತರು ಕುಡಿಯುತ್ತೇನೆ, ಆ ನೆತ್ತರಲ್ಲೇ ಅವಳ ಮುಡಿ ಕಟ್ಟುತ್ತೇನೆ. ಮರುದಿನ ಕೌನ್ಸೆಲರ್ ಫೋನ್. ಗೆಳತಿ ಹೋದಾಗ ಮೇಜಿನ ಮೇಲೆ ಅವನ ಹಾಳೆ, ಅದರಲ್ಲಿ ಆ ಮೂರು ಸಾಲಿಗೆ ಮಾತ್ರ ಹಳದಿ ಬಣ್ಣ. ಮೇಲಿನ ಪ್ಯಾರಾದಲ್ಲಿ ತುಂಬಿದ ಸಭೆಗೆ ಹೆಣ್ಣೊಬ್ಬಳನ್ನು ಎಳೆದು ತಂದದ್ದನ್ನೂ ಅವನು ಬರೆದಿದ್ದ, ಅದನ್ನು ಯಾರೂ ಓದಿದಂತಿರಲಿಲ್ಲ. ಬರೆಸಿದ ಟೀಚರನ್ನೂ ಕರೆದಿರಲಿಲ್ಲ. ಇವಳು ದ್ರೌಪದಿಯ ಕಥೆಯನ್ನು ಮೊದಲಿಂದ ಹೇಳಿದಳು. ತಲೆಯಾಡಿಸಿ ಕೇಳಿದರು, ಆದರೂ ನಾಳೆ ಒಂದು ದಿನ ಅವನನ್ನು ಕಳಿಸಬೇಡಿ ಅಂದರು. ಈಗ ಸ್ಕೂಲಿಗೆ ಏನು ಬರೆಯುವ ಮೊದಲೂ ಆ ಹುಡುಗ ಅಮ್ಮನನ್ನು ಕೇಳುತ್ತಾನಂತೆ, ಇದು ನಡೆಯುತ್ತಾ ಅಂತ. ನನಗೆ ತುಂಬಾ ಸಂಕಟವಾದದ್ದು ಇದಕ್ಕೇ.

ಸ್ಕೂಲಿನವರ ಭಯ ಸುಮ್ನೆ ಬಂದದ್ದಲ್ಲ, ಅದೂ ನನಗೆ ಗೊತ್ತು. ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ ಸ್ಕೂಲುಗಳ ಮೇಲಿನ 37 ದಾಳಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ಕೊಟ್ಟವು. ದಾಳಿ ಮಾಡಿದವರಲ್ಲಿ ಶೇ. 37ರಷ್ಟು ಹುಡುಗರು ತಮ್ಮ ಕವಿತೆ, ಪ್ರಬಂಧ, ಡೈರಿಗಳಲ್ಲಿ ಹಿಂಸೆಯ ಬಗ್ಗೆ ಬರೆದಿದ್ದರು. ಹಾಗಂತ ಹಿಂಸೆಯ ಬಗ್ಗೆ ಬರೆದವರೆಲ್ಲ ದಾಳಿ ಮಾಡುತ್ತಾರೆ ಅಂತ ಅಲ್ಲವಲ್ಲ. ಅದೇ ವರದಿ ಇನ್ನೊಂದನ್ನೂ ಹೇಳುತ್ತದೆ: ಶೇ. 81ರಷ್ಟು ದಾಳಿಗಳಲ್ಲಿ ಹುಡುಗನ ಯೋಚನೆ ಬೇರೆ ಒಬ್ಬರಿಗಾದರೂ ಮೊದಲೇ ಗೊತ್ತಿತ್ತು. ಅಂದರೆ ಜೊತೆಗಿರುವವರನ್ನು ಕೇಳಬೇಕು, ಹುಡುಗನನ್ನು ಕೂರಿಸಿ ಮಾತಾಡಿಸಬೇಕು. 2021ರಲ್ಲಿ ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನ ಹುಡುಗ ಗಣಿತದ ಹಾಳೆಯಲ್ಲಿ ಗನ್ ಚಿತ್ರ ಬಿಡಿಸಿ, ಸಹಾಯ ಮಾಡಿ ಅಂತಲೂ ಬರೆದಿದ್ದ. ಟೀಚರ್ ನೋಡಿದರು, ಅಪ್ಪ ಅಮ್ಮನನ್ನು ಕರೆಸಿದರು, ಆಮೇಲೆ ವಾಪಸ್ ಕ್ಲಾಸಿಗೆ ಕಳಿಸಿದರು. ಬ್ಯಾಗ್ ಯಾರೂ ತೆಗೆದು ನೋಡಲಿಲ್ಲ. ಗನ್ ಅದರಲ್ಲೇ ಇತ್ತು. ನಾಲ್ಕು ಮಕ್ಕಳು ಸತ್ತರು. ಭೀಮನಿಗೆ ಶಿಕ್ಷೆ ಕೊಟ್ಟು ಈ ಹುಡುಗನನ್ನು ತಡೆಯೋಕಾಗುತ್ತಾ?

ಸರಿಯಾದ ದಾರಿಯೂ ಇದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಡ್ಯೂಯಿ ಕಾರ್ನೆಲ್ ಅವರು ರೂಪಿಸಿದ ವಿಧಾನದಲ್ಲಿ ಮೊದಲು ಮಗುವಿನ ಜೊತೆ ಮಾತು. ಇದು ಸಿಟ್ಟಿನ ಮಾತೋ, ಹಿಂದೆ ನಿಜವಾದ ಸಂಚು ಇದೆಯೋ ಅಂತ ನೋಡಿ ಆಮೇಲೆ ಮುಂದಿನ ಹೆಜ್ಜೆ. 2013ರಿಂದ ವರ್ಜೀನಿಯಾದ ಸರ್ಕಾರಿ ಶಾಲೆಗಳಲ್ಲಿ ಇದಕ್ಕೊಂದು ತಂಡ ಇರಲೇಬೇಕು ಅಂತ ಕಾನೂನಿದೆ. ಅಂಥ ತಂಡ ಇದ್ದಿದ್ದರೆ ನನ್ನ ಗೆಳತಿಯ ಮಗನ ವಿಷಯ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ನನ್ನ ತಂಗಿ ಆಗಸ್ಟ್‌ನಲ್ಲಿ ಮಗಳ ಜೊತೆ ಇಲ್ಲಿಗೆ ಬರುತ್ತಿದ್ದಾಳೆ. ಆ ಹುಡುಗಿ ಬರೆಯುವುದೆಲ್ಲ ದೆವ್ವ, ಕೊಲೆ. ಬರೆಯಲಿ, ಅವಳನ್ನು ತಡೆಯಬೇಡ ಅಂದಿದ್ದೇನೆ. ಸ್ಕೂಲಿಂದ ಫೋನ್ ಬಂದರೆ ಹಳದಿ ಬಳಿದ ಸಾಲಷ್ಟೇ ಅಲ್ಲ, ಪೂರ್ತಿ ಕಥೆಯನ್ನು ಕೇಳಿ ಓದು. ಬರೆಸಿದ ಟೀಚರ್ ಎದುರಲ್ಲಿರಲಿ ಅನ್ನು. ವಿಷಯ ಪೊಲೀಸರವರೆಗೆ ಹೋದರೆ ಒಂದು ನೆನಪಿಟ್ಟುಕೋ: 18 ತುಂಬದ ಮಕ್ಕಳನ್ನು ವಶಕ್ಕೆ ತೆಗೆದುಕೊಂಡು ವಿಚಾರಣೆ ಮಾಡುವ ಮೊದಲು ವಕೀಲರ ಜೊತೆ ಮಾತಾಡಿಸಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ 2021ರಿಂದ ಕಾನೂನಿದೆ. ತೀರಾ ತುರ್ತಿನ ಸಂದರ್ಭ ಬಿಟ್ಟರೆ ಅದನ್ನು ಅವರು ತಪ್ಪಿಸುವಂತಿಲ್ಲ.