ಫೈನಲ್ ಸೋತ ತಂಡದ ಚಿತ್ರಕ್ಕೆ ಹಿನ್ನೆಲೆ ಸಂಗೀತ

ಅಮೆರಿಕದ ಪೋರ್ಟ್‌ಲ್ಯಾಂಡ್ ಮಾವೆರಿಕ್ಸ್ ಬೇಸ್‌ಬಾಲ್ ತಂಡ ಆಡಿದ್ದು 1973ರಿಂದ 1977ರವರೆಗೆ ಅಷ್ಟೇ. ಬೇರೆಯವರು ಬೇಡವೆಂದು ಕೈಬಿಟ್ಟ ಆಟಗಾರರು, ಬೆನ್ನಿಗೆ ಯಾವ ದೊಡ್ಡ ಕ್ಲಬ್ಬೂ ಇಲ್ಲ. 1977ರಲ್ಲಿ 66 ಪಂದ್ಯಗಳಲ್ಲಿ 44 ಗೆದ್ದು, ಫೈನಲ್‌ನಲ್ಲಿ ಬೆಲ್ಲಿಂಗ್‌ಹ್ಯಾಮ್ ತಂಡದ ಎದುರು ಸೋತರು. 2014ರಲ್ಲಿ ನಿರ್ದೇಶಕರಾದ ಚಾಪ್‌ಮನ್ ವೇ, ಮ್ಯಾಕ್ಲೇನ್ ವೇ ಸಹೋದರರು ಇವರ ಮೇಲೆ ಮಾಡಿದ ಸಾಕ್ಷ್ಯಚಿತ್ರಕ್ಕೆ ಸಂಗೀತ ಕೊಟ್ಟದ್ದು ಅವರದೇ ಮನೆಯ ಬ್ರಾಕರ್ ವೇ. ಇಂಥ ಕಥೆಯಲ್ಲಿ ಸಂಗೀತ ಮಾಡುವವರ ಕಷ್ಟ ಒಂದೇ: ಕೊನೆಗೆ ಕಪ್ ಇಲ್ಲ, ಹಾಗಾದರೆ ಸಂಗೀತ ಏರಬೇಕಾದದ್ದು ಎಲ್ಲಿ?

ನಮ್ಮ ಕರಾವಳಿಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳಲ್ಲಿ ಸೆಮಿಫೈನಲ್‌ಗೇ ಮುಗಿಸಿ ಮನೆಗೆ ಹೋಗುವ ತಂಡದ ಮೇಲೆ ಚಿತ್ರ ಮಾಡುವವರಿಗೂ ಇದೇ ಪ್ರಶ್ನೆ. ನನ್ನ ಅಭಿಪ್ರಾಯ ಸ್ಪಷ್ಟ. ಸೋಲಿನ ದೃಶ್ಯಕ್ಕೆ ಅಳುವ ಪಿಟೀಲು ಹಾಕಬೇಡಿ. ಸೋಲುತ್ತಾರೆಂದು ಆಟಗಾರರಿಗೇ ಗೊತ್ತಿಲ್ಲದಾಗ ಸಂಗೀತಕ್ಕೆ ಮಾತ್ರ ಮೊದಲೇ ಗೊತ್ತಿದ್ದರೆ ನೋಡುವವರಿಗೆ ಆಟದ ಮೇಲಿನ ಆಸೆಯೇ ಹೋಗುತ್ತದೆ.

ಆದ್ದರಿಂದ ಇಡೀ ಚಿತ್ರಕ್ಕೆ ಒಂದೇ ಧಾಟಿ ಇಟ್ಟುಕೊಳ್ಳಿ. ಮೋಹನದಂಥ ಐದು ಸ್ವರದ ರಾಗದಲ್ಲಿ, ಎರಡು ಆವರ್ತದೊಳಗೆ (ತಾಳದ ಎರಡು ಸುತ್ತಿನೊಳಗೆ) ಮುಗಿಯುವಷ್ಟು ಚಿಕ್ಕದು. ಆರಂಭದಲ್ಲಿ ಅದರ ಮೊದಲ ಅರ್ಧ ಮಾತ್ರ ಕೇಳಿಸಿ. ಪೂರ್ತಿ ಧಾಟಿ ಬರಬೇಕಾದದ್ದು ಗೆದ್ದಾಗ ಅಲ್ಲ, ತಂಡ ನಿಜಕ್ಕೂ ಒಂದು ತಂಡವಾದಾಗ: ಅಭ್ಯಾಸದ ಸಂಜೆ, ವ್ಯಾನ್ ಪ್ರಯಾಣ, ಗಾಯಗೊಂಡವನ ಕಾಲಿಗೆ ಬ್ಯಾಂಡೇಜ್ ಸುತ್ತುವ ಹೊತ್ತು. ಸೋಲಿನ ನಂತರ ಅದೇ ಧಾಟಿ, ಅದೇ ಶ್ರುತಿ. ತಾಳವಾದ್ಯ ತೆಗೆದು ಒಂದೇ ಸ್ಯಾಕ್ಸೊಫೋನ್. ರಾಗ ಬದಲಿಸಿದರೆ ಕರುಣೆ ಬೇಡಿದಂತಾಗುತ್ತದೆ.

ಸ್ಯಾಕ್ಸೊಫೋನ್ ಅಂದದ್ದು ಸುಮ್ಮನೆ ಅಲ್ಲ. ಕದ್ರಿ ಗೋಪಾಲನಾಥರು ಬ್ಯಾಂಡಿನ ವಾದ್ಯವನ್ನು ಕರ್ನಾಟಕ ಸಂಗೀತದ ಕಛೇರಿಗೆ ತಂದ ಊರು ಇದು. ದೇವಸ್ಥಾನದಲ್ಲೂ ಮದುವೆಯಲ್ಲೂ ನುಡಿಸುವ ಒಳ್ಳೆಯ ವಾದಕರು ಇಲ್ಲಿ ಸಿಗುತ್ತಾರೆ. ಮೊದಲು ಅವರ ಶ್ರುತಿ ಕೇಳಿ, ಆಮೇಲೆ ಕೀಬೋರ್ಡ್ ಟ್ರ್ಯಾಕ್ ಮಾಡಿ. ಟ್ರ್ಯಾಕ್ ಮೊದಲೇ ಮಾಡಿಟ್ಟು ಕೊನೆಗೆ ಕಂಪ್ಯೂಟರಿನಲ್ಲಿ ಶ್ರುತಿ ಎಳೆದರೆ ಗಮಕಗಳೆಲ್ಲ (ಸ್ವರದ ತೂಗಾಟಗಳೆಲ್ಲ) ಪ್ಲಾಸ್ಟಿಕ್ ಆಗುತ್ತವೆ. ಮೈಕ್ ಅನ್ನು ವಾದ್ಯದ ಬಾಯಿಗೆ (ದನಿ ಹೊರಬರುವ ಅಗಲ ತುದಿಗೆ) ನೇರ ಹಿಡಿಯಬೇಡಿ. ಒಂದೂವರೆ ಅಡಿ ದೂರದಲ್ಲಿ, ಬಾಯಿಗೂ ಬೆರಳು ಆಡುವ ಕೀಲಿಗಳಿಗೂ ನಡುವೆ ಇಡಿ. ಬಾಯಿಗೆ ನೇರ ಹಿಡಿದರೆ ಕೆಳಗಿನ ಸ್ವರಗಳು ಮಾತ್ರ ಗುಡುಗಿ, ಮೇಲಿನವು ತೆಳ್ಳಗಾಗುತ್ತವೆ.

ಇನ್ನು ಲಯ. ಕಬಡ್ಡಿಯ ಒಂದು ರೇಡಿಗೆ 30 ಸೆಕೆಂಡ್. ಆದಿತಾಳದ 8 ಅಕ್ಷರವನ್ನು (ಎಣಿಕೆಯನ್ನು) ನಿಮಿಷಕ್ಕೆ 64ರ ವೇಗದಲ್ಲಿ ಹಿಡಿದರೆ ಒಂದು ಆವರ್ತಕ್ಕೆ ಏಳೂವರೆ ಸೆಕೆಂಡ್, ಒಂದು ರೇಡಿಗೆ ಸರಿಯಾಗಿ 4 ಆವರ್ತ. ಬಿಸಿ ಏರಬೇಕಾದಲ್ಲಿ 128ಕ್ಕೆ ಹೋಗಿ, 8 ಆವರ್ತ ಸಿಗುತ್ತದೆ. ಆದರೆ ಹೆಚ್ಚಿನ ರೇಡುಗಳು 30 ಸೆಕೆಂಡಿನವರೆಗೆ ಹೋಗುವುದೇ ಇಲ್ಲ. ಅದಕ್ಕೇ ಪ್ರತಿ ಆವರ್ತದ ಕೊನೆಗೂ ಒಂದು ಮುಕ್ತಾಯದ ಪೆಟ್ಟನ್ನು ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆಗ ರೇಡು ಎಲ್ಲಿ ಮುಗಿದರೂ ಎಡಿಟರ್ ಅಲ್ಲೇ ಸಂಗೀತ ಮುಗಿಸಬಹುದು. ಅಂಕ ಸಿಗದ ಎರಡು ಖಾಲಿ ರೇಡಿನ ನಂತರದ ಮಾಡು-ಇಲ್ಲವೇ-ಮಡಿ ರೇಡಿಗೆ ವಾದ್ಯವೇ ಬೇಡ. ‘ಕಬಡ್ಡಿ ಕಬಡ್ಡಿ’ ಉಸಿರು, ಮ್ಯಾಟ್ ಮೇಲೆ ಕಾಲು ಬೀಳುವ ಸದ್ದು, ಅಷ್ಟೇ ಸಾಕು. ಪಂದ್ಯದಲ್ಲಿ ಈ ಸದ್ದು ಶುದ್ಧವಾಗಿ ಸಿಗುವುದಿಲ್ಲ: ಮೈಕಿನಲ್ಲಿ ವೀಕ್ಷಕ ವಿವರಣೆ, ಪಕ್ಕದಲ್ಲಿ ಜನರೇಟರ್. ಅಭ್ಯಾಸದ ದಿನ ರೇಡರ್‌ನ ಹತ್ತಿರ ಮೈಕ್ ಹಿಡಿದು ತುಂಬ ಹೊತ್ತು ರೆಕಾರ್ಡ್ ಮಾಡಿ.

ಬೇಸ್‌ಬಾಲ್ ಹೀಗಲ್ಲ. ಚೆಂಡು ಎಸೆಯುವ ಪಿಚರ್ ನಿಲ್ಲುವುದು ಬ್ಯಾಟ್ ಮಾಡುವ ಜಾಗದಿಂದ 18.44 ಮೀಟರ್ ದೂರದಲ್ಲಿ. ವೇಗದ ಎಸೆತ ಅರ್ಧ ಸೆಕೆಂಡಿನೊಳಗೆ ಬ್ಯಾಟಿನ ಹತ್ತಿರ. ಅಲ್ಲಿನ ಮೇಜರ್ ಲೀಗ್‌ನಲ್ಲಿ ಎಸೆತಗಳ ನಡುವೆ ಗಡಿಯಾರ ಇಟ್ಟದ್ದೇ 2023ರಲ್ಲಿ. ಹಳೆಯ ದೃಶ್ಯಗಳಲ್ಲಿ ಒಂದೊಂದು ಎಸೆತಕ್ಕೂ ಒಂದೊಂದು ಕಾಯುವಿಕೆ. ಅಲ್ಲಿ ತಾಳ ಹಾಕಿದರೆ ಚಿತ್ರಕ್ಕೂ ಸಂಗೀತಕ್ಕೂ ಜಗಳ. ತಂಬೂರಿಯ ಹಾಗೆ ಒಂದೇ ಸ್ವರ ಹಿಡಿದು, ಚೆಂಡು ತಾಗುವ ಮೊದಲೇ ಅದನ್ನೂ ನಿಲ್ಲಿಸಿ. ಮರದ ಬ್ಯಾಟಿನ ಆ ‘ಟಕ್’ ಸದ್ದಿಗೆ ಪೈಪೋಟಿ ಇರಬಾರದು.

ಕರಾವಳಿ ಅಂದ ಕೂಡಲೇ ಚೆಂಡೆ ತುಂಬಿಸುವ ಚಾಳಿ ಇದೆ. ತೆಂಕುತಿಟ್ಟು ಯಕ್ಷಗಾನದ ಚೆಂಡೆಯಾಗಲಿ, ಹುಲಿವೇಷದ ತಾಸೆ ಡೋಲಾಗಲಿ, ಪೆಟ್ಟು ಹೊಳೆಯುವುದು 2ರಿಂದ 4 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಮಾತಿನ ವ್ಯಂಜನಗಳು ತಿಳಿಯುವುದೂ ಅಲ್ಲೇ. ಕೋಚ್ ಮಾತಾಡುವಾಗ ತಾಸೆ ಬಂದರೆ ದನಿ ಎಷ್ಟು ಏರಿಸಿದರೂ ಮಾತು ಅರ್ಥವಾಗದು. ಮಾತಿನ ಅಡಿಯಲ್ಲಿ ಮದ್ದಳೆ ಇಡಿ, ಸಂಗೀತವನ್ನು ಮಾತಿಗಿಂತ 15 ಡೆಸಿಬೆಲ್‌ನಷ್ಟು ಕೆಳಗಿಡಿ, ಸಂಗೀತದಲ್ಲಿ ಆ 2-4 ಕಿಲೋಹರ್ಟ್ಸ್ ಜಾಗವನ್ನು 3 ಡೆಸಿಬೆಲ್ ಕತ್ತರಿಸಿ. ಮಳೆಗಾಲದಲ್ಲಿ ಚರ್ಮ ಸಡಿಲವಾಗಿ ದನಿ ಇಳಿಯುತ್ತದೆ, ಹಾಗಾಗಿ ಪ್ರತಿ ಟೇಕಿಗೂ ಶ್ರುತಿ ನೋಡಿ. ಮತ್ತೆ ಒಂದು ಮಾತು: ಭೂತಕೋಲದ ವಾದ್ಯವನ್ನೂ ದೈವಗಳ ಕಥೆ ಹಾಡುವ ತುಳು ಪಾಡ್ದನವನ್ನೂ ಪಂದ್ಯದ ಬಿಸಿಗೆ ಬಳಸಬೇಡಿ. ಅದು ದೈವದ ಜಾಗದ್ದು.

ಎಡಿಟ್ ಲಾಕ್ ಆಗುವ (ದೃಶ್ಯಗಳ ಜೋಡಣೆ ಅಂತಿಮವಾಗುವ) ಮೊದಲು ಸಂಗೀತ ಮುಗಿಸಬೇಡಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರಕ್ಕೆ ಕಟ್ಟಿದ್ದು 25ರಲ್ಲಿ ಓಡಿದರೆ ಒಂದು ನಿಮಿಷ 57.6 ಸೆಕೆಂಡ್ ಆಗುತ್ತದೆ, ಪೆಟ್ಟೆಲ್ಲ ತಪ್ಪುತ್ತದೆ. ಫೈಲ್ 48 ಕಿಲೋಹರ್ಟ್ಸ್, 24 ಬಿಟ್. 44.1ರಲ್ಲಿ ರೆಕಾರ್ಡ್ ಮಾಡಿದ್ದನ್ನು ಪರಿವರ್ತಿಸದೆ 48 ಎಂದು ಓಡಿಸಿದರೆ ಶ್ರುತಿ ಸುಮಾರು ಒಂದೂವರೆ ಮನೆ (ಅರೆಸ್ವರದ ಲೆಕ್ಕದಲ್ಲಿ) ಏರುತ್ತದೆ. ಒಂದು ಗಂಟೆಯ ಚಿತ್ರಕ್ಕೆ 20-25 ನಿಮಿಷದ ಸಂಗೀತ ಧಾರಾಳ.

ಹಕ್ಕಿನ ವಿಷಯದಲ್ಲಿ ಎಡವುವವರೇ ಜಾಸ್ತಿ. ಪಂದ್ಯಾಟದ ಸ್ಪೀಕರಿನಲ್ಲಿ ಓಡುವ ಸಿನಿಮಾ ಹಾಡು ನಿಮ್ಮ ದೃಶ್ಯದೊಳಗೆ ಸೇರಿದರೆ ಯೂಟ್ಯೂಬ್ ಅದನ್ನು ಹಿಡಿಯುತ್ತದೆ. ಮಾತಿನೊಂದಿಗೆ ಬೆರೆತದ್ದನ್ನು ಆಮೇಲೆ ಬೇರ್ಪಡಿಸುವುದು ದೊಡ್ಡ ತಲೆನೋವು. ಸಂದರ್ಶನದ ಹೊತ್ತಿಗೆ ಸ್ಪೀಕರ್ ನಿಲ್ಲಿಸಲು ಸಂಘಟಕರಲ್ಲಿ ಮೊದಲೇ ಕೇಳಿಕೊಳ್ಳಿ. ಹಳೆಯ ಹಾಡೆಂದ ಮಾತ್ರಕ್ಕೆ ಉಚಿತವಲ್ಲ. ನಮ್ಮ 1957ರ ಕಾಯ್ದೆಯಂತೆ ಧಾಟಿಯ ಹಕ್ಕು ಕಟ್ಟಿದವರು ತೀರಿಹೋದ ಮೇಲೂ 60 ವರ್ಷ ಇರುತ್ತದೆ. ರೆಕಾರ್ಡಿಂಗಿನ ಹಕ್ಕು ಬೇರೆ, ಅದು ಪ್ರಕಟವಾದ ಮೇಲೆ 60 ವರ್ಷ. ಧಾಟಿಯ ಹಕ್ಕಿನ ಅವಧಿ ಮುಗಿದಿದ್ದರೆ ನಮ್ಮ ವಾದಕರಿಂದ ಹೊಸದಾಗಿ ನುಡಿಸಿ ಬಳಸಬಹುದು, ಹಳೆಯ ರೆಕಾರ್ಡನ್ನೇ ಬಳಸಲು ಅದರದೇ 60 ವರ್ಷವೂ ಮುಗಿದಿರಬೇಕು.

ಕೊಡುವಾಗ ಸ್ಯಾಕ್ಸೊಫೋನ್, ತಾಳವಾದ್ಯ, ಶ್ರುತಿ, ಉಳಿದದ್ದು ಎಂದು ನಾಲ್ಕು ಫೈಲ್ ಬೇರೆ ಬೇರೆ ಮಾಡಿ, ಎಲ್ಲವೂ ಒಂದೇ ಟೈಮ್‌ಕೋಡ್‌ನಿಂದ (ಚಿತ್ರದ ಒಂದೇ ಸಮಯದಿಂದ) ಶುರುವಾಗಲಿ. ಕೊನೆಯ ಮಿಕ್ಸನ್ನು ಮೊಬೈಲಿನ ಸ್ಪೀಕರಿನಲ್ಲೂ ಕೇಳಿ. ಅದರಲ್ಲಿ ಮದ್ದಳೆಯ ಎಡಭಾಗದ ಗುಂಕಾರ ಮಾಯವಾಗುತ್ತದೆ. ಬಲಭಾಗದ ಪೆಟ್ಟು ಮಾತ್ರ ಕೇಳಿದಾಗಲೂ ತಾಳ ನಿಲ್ಲುತ್ತದೆಯೇ ನೋಡಿ.